ಎದೆಯುರಿ ಮಾತ್ರೆ, ನೋವಿನ ಮಾತ್ರೆ: ಎರಡನ್ನೂ ಒಟ್ಟಿಗೆ ನುಂಗಬಹುದೇ?

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದರೆ ಕಲ್ಲು, ಸಿಮೆಂಟು ಮತ್ತು ತೊಗರಿಯ ಸೀಮೆ. ಕಲ್ಲು ಎತ್ತುವವರಿಗೆ, ಚೀಲ ಹೊರುವವರಿಗೆ, ಹೊಲದಲ್ಲಿ ಬಗ್ಗಿ ದುಡಿಯುವವರಿಗೆ ಸೊಂಟನೋವು, ಮೊಣಕಾಲುನೋವು ಹೊಸದಲ್ಲ. ನೋವಿಗೊಂದು ಮಾತ್ರೆ, ಎದೆ ಉರಿದರೆ ‘ಗ್ಯಾಸಿ’ಗೆ ಇನ್ನೊಂದು ಮಾತ್ರೆ ನುಂಗಿ ಕೆಲಸಕ್ಕೆ ಹೊರಡುವುದು ನಮ್ಮ ರಾಜ್ಯದ ಎಲ್ಲೆಡೆ ಕಾಣುವ ರೂಢಿ. ಇದು ಎಷ್ಟು ಸುರಕ್ಷಿತ ಎಂಬುದನ್ನು ನಾವಿಲ್ಲಿ ನೋಡೋಣ.

ನೋವಿನ ಮಾತ್ರೆಯಿಂದ ಹೊಟ್ಟೆ ಉರಿಯುವುದೇಕೆ?

ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನು ತಡೆಯುತ್ತವೆ. ಆಸ್ಪಿರಿನ್ ಕೆಲಸ ಮಾಡುವುದೂ ಹೀಗೆಯೇ ಎಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನೋವು, ಊತ ತರುವ ಈ ವಸ್ತುವೇ ಜಠರದ ಒಳಪದರವನ್ನು ಕಾಯುತ್ತದೆ. ಮೂತ್ರಪಿಂಡಕ್ಕೆ ರಕ್ತ ಹರಿಯಲೂ ನೆರವಾಗುತ್ತದೆ. ನೋವು ತಗ್ಗಿದಾಗ ಈ ಕಾವಲೂ ತಗ್ಗುತ್ತದೆ.

ಜೊತೆಗೆ ಸೇವಿಸಿದರೆ?

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್‌ಗಳು ಆಮ್ಲವನ್ನು ಕಡಿಮೆ ಮಾಡುತ್ತವೆ. ನೋವಿನ ಮಾತ್ರೆಯೊಂದಿಗೆ ಇವುಗಳ ಘರ್ಷಣೆ ಸಾಮಾನ್ಯವಾಗಿ ಇಲ್ಲ. ಹುಣ್ಣಾಗದಿರಲೆಂದು ವೈದ್ಯರೇ ಎರಡನ್ನೂ ಬರೆದುಕೊಡುವುದುಂಟು. ಆಮ್ಲದ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ನೋವಿನ ಮಾತ್ರೆ ಊಟವಾದ ಮೇಲೆ. ಜೆಲುಸಿಲ್, ಡೈಜೀನ್‌ನಂತಹ ಔಷಧ ಕುಡಿದರೆ ಬೇರೆ ಮಾತ್ರೆಗೆ ಎರಡು ಗಂಟೆ ಅಂತರವಿರಲಿ.

ಆದರೆ ಒಂದು ಮಾತು ಮರೆಯಬಾರದು. ಆಮ್ಲದ ಮಾತ್ರೆ ಕಾಯುವುದು ಮುಖ್ಯವಾಗಿ ಜಠರವನ್ನು. ಮೂತ್ರಪಿಂಡವನ್ನಲ್ಲ, ಹೃದಯವನ್ನೂ ಅಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಸೀಮೆಯ ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ, ದಿನವೂ ನೋವಿನ ಮಾತ್ರೆ ನುಂಗಿದರೆ ಎದೆ ಉರಿಯದಿದ್ದರೂ ಮೂತ್ರಪಿಂಡ ಕೆಡಬಹುದು.

ಯಾರು ಎಚ್ಚರ ವಹಿಸಬೇಕು?

* ರಕ್ತದೊತ್ತಡ, ಮೂತ್ರಪಿಂಡ, ಹೃದಯದ ಕಾಯಿಲೆಯವರು, ವೃದ್ಧರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ನೋವಿನ ಮಾತ್ರೆಗಳನ್ನು ಮುಟ್ಟಬಾರದು.
* ಹೃದಯಕ್ಕಾಗಿ ಆಸ್ಪಿರಿನ್ ಸೇವಿಸುವವರಲ್ಲಿ ಐಬುಪ್ರೊಫೆನ್ ಅದರ ಪ್ರಯೋಜನವನ್ನು ಕುಗ್ಗಿಸಬಹುದು. ಕ್ಲೊಪಿಡೊಗ್ರೆಲ್ ಸೇವಿಸುವವರಿಗೆ ಒಮೆಪ್ರಜೋಲ್ ಬೇಡ.
* ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯ. ಆದರೆ ವಯಸ್ಕರಿಗೂ 24 ಗಂಟೆಗಳಲ್ಲಿ 4 ಗ್ರಾಂ ಮೀರಬಾರದು. ಮದ್ಯ ಸೇವಿಸುವವರಿಗೆ, ಯಕೃತ್ತಿನ ತೊಂದರೆಯವರಿಗೆ ಮಿತಿ ಇನ್ನೂ ಕಡಿಮೆ. ಅನೇಕ ನೋವಿನ ಮಾತ್ರೆಗಳಲ್ಲಿ ಇದು ಮೊದಲೇ ಬೆರೆತಿರುವುದರಿಂದ ಪೊಟ್ಟಣದ ಮೇಲಿನ ಹೆಸರು ಓದಿರಿ.

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿರಿ. ಎದೆನೋವು ತೋಳಿಗೆ ಹರಡಿ ಬೆವರು ಬಂದರೆ ಅದನ್ನು ಗ್ಯಾಸ್ ಎಂದು ಕಡೆಗಣಿಸದೆ 108ಕ್ಕೆ ಕರೆಮಾಡಿರಿ. ಔಷಧದ ಅಡ್ಡಪರಿಣಾಮವನ್ನು ತಿಳಿಸಲು ಭಾರತ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024.

ವಾರ ಕಳೆದರೂ ನೋವು ಹೋಗದಿದ್ದರೆ ಮಾತ್ರೆ ಬದಲಿಸುತ್ತಾ ಕೂರದೆ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪೊಟ್ಟಣಗಳನ್ನು ಒಯ್ದು ವೈದ್ಯರಿಗೆ ತೋರಿಸಿರಿ ಎಂಬುದು ನಮ್ಮ ವಿನಂತಿ.