ತಾತನವರ ರೇಜರು

1948ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರ ಬಿದ್ದಾಗ ನಮ್ಮ ತಾತನವರ ರೇಜರು ಆಗಲೇ ಹಳೆಯದಾಗಿದ್ದಿತು. ಮೊನ್ನೆ ಕಪಾಟಿನ ಮೂಲೆಯಿಂದ ಹೊರಬಂದಾಗ ಅದರ ಬಾಚಣಿಗೆಯ ಹಲ್ಲೊಂದು ಬಾಗಿ, ಮೈಯೆಲ್ಲ ಕಿಲುಬು ಹಿಡಿದು, ಹಿಡಿಯ ಕೊಳವೆಯು ಉದ್ದಕ್ಕೆ ಸೀಳಿದ್ದಿತು. ನಮ್ಮ ಅಲಕ್ಷ್ಯದ ಫಲ!

ಇದರ ಮೂಲಪುರುಷನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಸಾಣೆ ಹಿಡಿಯದೆ, ಮೊಂಡಾದೊಡನೆ ಎಸೆಯಬಹುದಾದ ತೆಳುವಾದ ಅಲಗಿನ ರೇಜರಿಗೆ ಆತನು 1904ರಲ್ಲಿ ಪೇಟೆಂಟು ಪಡೆದನು. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದವು ಬರಿಯ 51 ರೇಜರುಗಳು. 1918ರಲ್ಲಿಯಾದರೋ ಅಮೆರಿಕದ ಸರ್ಕಾರವು ಸೈನಿಕರಿಗಾಗಿ 35 ಲಕ್ಷಕ್ಕೆ ಆದೇಶವಿತ್ತಿತು. ನಮ್ಮಲ್ಲಿ ವಾರ ತಿಥಿಗಳನ್ನು ನೋಡಿ ಕ್ಷೌರಿಕನನ್ನು ಜಗುಲಿಗೆ ಕರೆಸುತ್ತಿದ್ದ ಮನೆಗಳಲ್ಲಿ ಈ ಪುಟ್ಟ ಯಂತ್ರವು ಪಂಚಾಂಗದ ಕಟ್ಟನ್ನೇ ಸಡಿಲಿಸಿತು.

ಹಿತ್ತಾಳೆಯಲ್ಲವೇ ಎಂದು ಮನೆಯಾಕೆ ಹುಣಿಸೆಹಣ್ಣನ್ನು ತಂದಳು. ತಡೆದೆನು. ಮೇಲಿನ ಬೆಳ್ಳಿಯ ಲೇಪವು ಅತಿ ತೆಳುವು. ತಿಕ್ಕಿ ಕಳೆದದ್ದು ಮರಳಿ ಬಾರದು. ಬಿಸಿನೀರು, ಸಾಬೂನು, ಹಲ್ಲುಜ್ಜುವ ಹಳೆಯ ಬ್ರಷ್ಷು, ಇಷ್ಟರಿಂದಲೇ ಕಿಲುಬು ಬಹುಮಟ್ಟಿಗೆ ಬಿಟ್ಟಿತು. ಸೀಳಿಗೆ ಅಕ್ಕಸಾಲಿಗರೊಬ್ಬರು ಬೆಸುಗೆ ಹಾಕಿದರು. ಬೆಂಕಿಯ ಕಾವಿಗೆ ಅಲ್ಲಿಯ ಲೇಪವು ಕಪ್ಪಾಯಿತು. ಆಗಲಿ, ಪ್ರದರ್ಶನಕ್ಕಿಡುವ ವಸ್ತುವಲ್ಲವಷ್ಟೆ. ಹಲ್ಲಿನದೇ ಕಷ್ಟ. ಬಾಗಿದ ಹಿತ್ತಾಳೆಯನ್ನು ಅವಸರದಿಂದ ತಿದ್ದಿದರೆ ಮುರಿಯುತ್ತದೆ. ಮರದ ತುಂಡಿನಿಂದ ಎಳ್ಳಷ್ಟೆಳ್ಳಷ್ಟೇ ಒತ್ತುತ್ತ ಎರಡು ಸಂಜೆಗಳನ್ನು ಕಳೆದೆನು. ಅಲಗಿನ ಅಂಚು ಇಕ್ಕೆಲದಲ್ಲಿಯೂ ಸಮನಾಗಿ ಕಂಡಮೇಲೆಯೇ ಮುಖಕ್ಕೆ ಸೋಕಿಸಿದ್ದು.

ಈಗಿನ ಅಂಗಡಿಗಳಲ್ಲಿ ದೊರೆಯುವ ಎರಡಂಚಿನ ಅಲಗು ಆ ಹಳೆಯ ತಲೆಗೆ ಸರಿಯಾಗಿ ಕೂಡುತ್ತದೆ. ಗಾಜಿನ ಪೆಟ್ಟಿಗೆಯಲ್ಲಿಡಿರೆಂದು ಮಗನು ಹೇಳುತ್ತಲೇ ಇದ್ದಾನೆ. ನಾನು ಬೆಳಗಾದರೆ ಅದಕ್ಕೆ ಸಾಬೂನಿನ ನೊರೆ ತಾಗಿಸುತ್ತಲೇ ಇದ್ದೇನೆ.