ಅಂಗೈಯ ಲಿಂಗದಿಂದ ಆಪ್ತಸಮಾಲೋಚನೆಯ ಕೋಣೆವರೆಗೆ

ದಾವಣಗೆರೆ, ಹರಿಹರ ಸೀಮೆಯ ಲಿಂಗಾಯತ ಮನೆಗಳಲ್ಲಿ ಬೆಳಗಿನ ಪೂಜೆಗೆ ಮಕ್ಕಳನ್ನೂ ಕೂರಿಸುವುದು ಹಳೆಯ ರೂಢಿ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಅದನ್ನೇ ದಿಟ್ಟಿಸಬೇಕು. ಕಣ್ಣು ಬಾಗಿಲ ಕಡೆ ಹೊರಳಿತೋ, ಅಜ್ಜಿಯ ಒಂದು ಗದರಿಕೆಗೆ ಮತ್ತೆ ಅಂಗೈಗೆ ಬರಬೇಕು. ಇಂದು ಮನೋವೈದ್ಯರು ಮೈಂಡ್‌ಫುಲ್‌ನೆಸ್ ಎಂದು ಕಲಿಸುವ ಅಭ್ಯಾಸದಲ್ಲೂ ಮನಸ್ಸು ಅಲೆದಾಗ ಅದನ್ನು ಹಿಂದಕ್ಕೆ ತರುವ ಕೆಲಸವೇ ಮುಖ್ಯ. ಅಲ್ಲಿ ಮಾತ್ರ ಗದರುವವರಿಲ್ಲ. ಅಲೆದದ್ದಕ್ಕೆ ತನ್ನನ್ನು ತಾನು ಬೈದುಕೊಳ್ಳಬಾರದೆಂಬುದೇ ಮೊದಲ ಪಾಠ.

ಮನೆಯೊಳಗಿನ ಇಂಥ ಶಿಸ್ತನ್ನು ಊರಿನ ಕೆಲಸವಾಗಿಸಿದ ಕೀರ್ತಿ ದಾವಣಗೆರೆಯ ವಿರಕ್ತಮಠಕ್ಕೂ ಹರ್ಡೇಕರ್ ಮಂಜಪ್ಪನವರಿಗೂ ಸಲ್ಲಬೇಕು. ಬಸವ ಜಯಂತಿಯ ಸಾರ್ವಜನಿಕ ಆಚರಣೆ 1913ರಲ್ಲಿ ಶುರುವಾದದ್ದು ಇಲ್ಲಿಯೇ.

ಮುಂದಿನ ಹೆಜ್ಜೆ ಮಲ್ಲಾಡಿಹಳ್ಳಿಯದು. ಅದಿರುವುದು ಹೊಳಲ್ಕೆರೆ ತಾಲ್ಲೂಕಿನಲ್ಲಿ. ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಈ ಊರುಗಳೆಲ್ಲ ಚಿತ್ರದುರ್ಗ ಜಿಲ್ಲೆಯವೇ. ‘ತಿರುಕ’ ಎಂಬ ಹೆಸರಲ್ಲಿ ಬರೆಯುತ್ತಿದ್ದ ರಾಘವೇಂದ್ರ ಸ್ವಾಮೀಜಿ ಅಲ್ಲಿ ಅನಾಥ ಸೇವಾಶ್ರಮ ಕಟ್ಟಿದರು, ಊರೂರಲ್ಲಿ ವ್ಯಾಯಾಮ ಮತ್ತು ಯೋಗದ ಶಿಬಿರ ನಡೆಸಿದರು. ಆಸನ, ಪ್ರಾಣಾಯಾಮಗಳು ಮಠದ ಅಂಗಳ ದಾಟಿ ಹಳ್ಳಿಯ ಹುಡುಗರ ಮೈಗೆ ಬಂದದ್ದು ಇಂಥವರಿಂದ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕೆರೆ, ಗುಡ್ಡಗಳ ಮಗ್ಗುಲಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಸ್ಕೌಟ್ ಶಿಬಿರಗಳಲ್ಲಿ ಹಳೆಯದೊಂದು ಆಟವುಂಟು. ತಟ್ಟೆಯಲ್ಲಿ ಗುಂಡಿ, ಬೀಗದ ಕೈ, ಪೆನ್ಸಿಲ್, ನಾಣ್ಯ ಹೀಗೆ ಹತ್ತಾರು ಸಾಮಾನು ಇಡುತ್ತಾರೆ. ಒಂದು ನಿಮಿಷ ನೋಡಲು ಬಿಟ್ಟು ಮೇಲೆ ಬಟ್ಟೆ ಮುಚ್ಚುತ್ತಾರೆ. ಕಂಡದ್ದನ್ನೆಲ್ಲ ನೆನೆದು ಬರೆಯಬೇಕು. ಕಣ್ಣೆದುರಿನ ವಸ್ತುವನ್ನು ನಿಜವಾಗಿ ನೋಡುವುದು ಹೇಗೆಂದು ಮಕ್ಕಳು ಆಡುತ್ತಾಡುತ್ತಲೇ ಕಲಿಯುತ್ತಾರೆ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿಯಿತು. ಪೂಜೆ, ವ್ಯಾಯಾಮ, ಶಿಬಿರ ಎಲ್ಲವೂ ಮಗುವನ್ನು ತಿದ್ದಲು ಹೊರಟವು. ರಾತ್ರಿ ನಿದ್ದೆ ಬಾರದ, ಶಾಲೆಯ ಹೆಸರೆತ್ತಿದರೆ ಹೊಟ್ಟೆನೋವು ಬರುವ, ಸುಮ್ಮಸುಮ್ಮನೆ ಅಳುವ ಮಗುವಿನ ಹತ್ತಿರ ಕೂತು ‘ಏನಾಗ್ತಿದೆ ಪುಟ್ಟಾ?’ ಎಂದು ಕೇಳುವ ಏರ್ಪಾಡು ಅವುಗಳಲ್ಲಿರಲಿಲ್ಲ. ಅಂಥ ಮಗುವಿಗೆ ದೃಷ್ಟಿ ತೆಗೆಸುತ್ತಿದ್ದರು, ತಾಯಿತ ಕಟ್ಟಿಸುತ್ತಿದ್ದರು, ಇಲ್ಲವೇ ಹಟಮಾರಿ ಎಂದು ಬಿಟ್ಟುಬಿಡುತ್ತಿದ್ದರು.

ಕೇಳುವವರು ಬರಲು ತಡವಾಯಿತು. ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್, ಯುವಜನರಿಗೆ ಯುವ ಸ್ಪಂದನ ಬಂದದ್ದು ಇನ್ನೂ ಈಚೆಗೆ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರು ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆಯದಿದ್ದರೆ, ಮನೋರೋಗದ ಮಾತನ್ನು ಮನೆಯವರೆದುರು ಎತ್ತುವ ಧೈರ್ಯ ಎಷ್ಟೋ ತಂದೆತಾಯಿಗಳಿಗೆ ಬರುತ್ತಿರಲಿಲ್ಲ.

ಧ್ಯಾನವೂ ಅಷ್ಟರಲ್ಲಿ ಹೊರದೇಶ ಸುತ್ತಿ ಚಿಕಿತ್ಸೆಯ ರೂಪ ತಳೆದಿತ್ತು. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮೆಸಾಚುಸೆಟ್ಸ್‌ನ ಆಸ್ಪತ್ರೆಯಲ್ಲಿ ದೀರ್ಘಕಾಲದ ನೋವುಳ್ಳವರಿಗೆ ಅದನ್ನು ಕಲಿಸತೊಡಗಿದರು. ರ‍್ಯಾಂಡಿ ಸೆಂಪಲ್ ಮತ್ತು ಜೆನಿಫರ್ ಲೀ ಮಕ್ಕಳಿಗೆಂದೇ 12 ವಾರಗಳ ಕ್ರಮ ರೂಪಿಸಿದರು. ಅದರಲ್ಲಿ ಬಹಳ ಹೊತ್ತು ಕೂರಿಸುವುದಿಲ್ಲ. ಕೆಲವೇ ನಿಮಿಷದ ಉಸಿರಾಟ, ರುಚಿ, ಸ್ಪರ್ಶ, ಸದ್ದುಗಳ ಅಭ್ಯಾಸ ಇರುತ್ತದೆ, ತಂದೆತಾಯಿಗಳೂ ಜೊತೆಗೂಡುತ್ತಾರೆ.

ಇದನ್ನು ಶಾಲೆಶಾಲೆಗೂ ಹಂಚಿದರೆ ಸಾಕೆಂಬ ಉತ್ಸಾಹಕ್ಕೆ ಬ್ರಿಟನ್ನಿನಿಂದ ಎಚ್ಚರಿಕೆ ಬಂದಿದೆ. 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಮಿರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಹೊರಬಿತ್ತು. ತರಗತಿಯ ಎಲ್ಲರಿಗೂ ಶಿಕ್ಷಕರೇ ಕಲಿಸಿದ ಮೈಂಡ್‌ಫುಲ್‌ನೆಸ್, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕೊಡಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ.

ಕಾಲೇಜು, ಕೋಚಿಂಗ್, ಹಾಸ್ಟೆಲುಗಳ ದಾವಣಗೆರೆ ಈ ಫಲಿತಾಂಶವನ್ನು ಗಮನವಿಟ್ಟು ಓದಬೇಕು. ಪರೀಕ್ಷೆಯ ಭಯದಲ್ಲಿ ಊಟ ಬಿಟ್ಟ ಹುಡುಗಿಗೆ ಬೆಳಗಿನ ಪ್ರಾರ್ಥನೆಯ ಸಾಲಲ್ಲಿ ಐದು ನಿಮಿಷ ಕಣ್ಣು ಮುಚ್ಚಿಸಿದರೆ ಸಾಲದು. ಅವಳನ್ನು ಪಕ್ಕಕ್ಕೆ ಕರೆದು ಮಾತಾಡಿಸಲು ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರು ಅವಳ ಕಾಲೇಜಿನಲ್ಲೇ ಇರಬೇಕು. ಕಾಯಿಲೆ ಹೆಚ್ಚಿದ್ದರೆ ಅಲ್ಲಿಂದ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರವರೆಗೆ ದಾರಿ ತೆರೆದಿರಬೇಕು. ರಾತ್ರಿ ಹೊತ್ತಿನ ಸಂಕಟಕ್ಕೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಇದೆ. ಅದರ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.