ಒಂದು ಸ್ವರದ ಸಾಕ್ಷಿ

ಕ್ರಿ.ಪೂ. 52ರಲ್ಲಿ ಅಲೇಸಿಯಾದಲ್ಲಿ ಜೂಲಿಯಸ್ ಸೀಸರನಿಗೆ ಶರಣಾದ ಗಾಲ್ ನಾಯಕನ ಹೆಸರು ವೆರ್ಕಿಂಗೆಟೊರಿಕ್ಸ್. ಸೀಸರನ ಬರಹದಲ್ಲಿ ಡುಮ್ನೊರಿಕ್ಸ್, ಒರ್ಗೆಟೊರಿಕ್ಸ್ ಎಂಬ ಮುಖಂಡರೂ ಬರುತ್ತಾರೆ. ಮೂರೂ ಹೆಸರುಗಳ ಕೊನೆಯಲ್ಲಿರುವ 'ರಿಕ್ಸ್' ಎಂದರೆ ಅರಸ. ಹಳೆಯ ಐರಿಶ್ ಭಾಷೆಯಲ್ಲಿ ಅದೇ ಪದ 'ರೀ'. ಇಂಥ ರೂಪಗಳನ್ನು ಹೋಲಿಸಿ ವಿದ್ವಾಂಸರು ಮೂಲ ಕೆಲ್ಟಿಕ್ ಪದವನ್ನು *ರೀಕ್ಸ್ ಎಂದು ಕಟ್ಟಿಕೊಟ್ಟಿದ್ದಾರೆ. ಮೂಲ ಕೆಲ್ಟಿಕ್‌ನ ಬರಹ ಒಂದೂ ಉಳಿದಿಲ್ಲ. ಈ ರೂಪ ತರ್ಕದಿಂದ ಪಡೆದದ್ದು ಎಂದು ತಿಳಿಸಲು ಆ ನಕ್ಷತ್ರ ಚಿಹ್ನೆ.

ಲ್ಯಾಟಿನ್ನಿನ 'ರೇಕ್ಸ್', ಸಂಸ್ಕೃತದ 'ರಾಜ್' ಇದರ ಒಡಹುಟ್ಟಿದವು. ನಾವು ಸಂಸ್ಕೃತದಿಂದ ಪಡೆದ 'ರಾಜ', ಪ್ರಾಕೃತದ ದಾರಿ ಹಿಡಿದು ಬಂದ 'ರಾಯ' ಇದೇ ಬಳಗದವು. ಮೂಲದ ದೀರ್ಘ 'ಏ' ಲ್ಯಾಟಿನ್ನಿನಲ್ಲಿ ಹಾಗೆಯೇ ಉಳಿಯಿತು, ಸಂಸ್ಕೃತದಲ್ಲಿ 'ಆ' ಆಯಿತು, ಕೆಲ್ಟಿಕ್‌ನಲ್ಲಿ 'ಈ' ಆಯಿತು. ಬೀಜ ಎಂಬರ್ಥದ ಪದಗಳನ್ನು ನೋಡಿ: ಲ್ಯಾಟಿನ್ನಿನಲ್ಲಿ 'ಸೇಮೆನ್', ಹಳೆಯ ಐರಿಶ್‌ನಲ್ಲಿ 'ಸೀಲ್'. ಅದೇ ಧಾತುವಿನಿಂದ ಜರ್ಮನ್ನಿನಲ್ಲಿ 'ಸಾಟ್'.

ಅಂದರೆ ಜರ್ಮಾನಿಕ್ ಭಾಷೆಗಳಲ್ಲಿ ಈ ಸ್ವರ 'ಏ' ಅಥವಾ 'ಆ' ಆಗಬೇಕು, 'ಈ' ಆಗಬಾರದು. ಆದರೆ 4ನೇ ಶತಮಾನದ ಗಾಥಿಕ್ ಬೈಬಲ್ಲಿನಲ್ಲಿ ಒಡೆಯನಿಗೆ ಇರುವ ಪದ 'ರೀಕ್ಸ್'! ಮನೆಯ ಮಗನಲ್ಲ, ನೆರೆಮನೆಯಿಂದ ಬಂದವನು ಎಂದು ಸ್ವರವೇ ಹೇಳುತ್ತಿದೆ. ಜರ್ಮಾನಿಕ್ ಜನ ಕೆಲ್ಟರಿಂದ ಈ ಪದವನ್ನು ಪಡೆದರು.

ಯಾವಾಗ ಎಂಬುದಕ್ಕೂ ಒಂದು ಸುಳಿವಿದೆ. ಜರ್ಮಾನಿಕ್‌ನಲ್ಲಿ ಹಳೆಯ 'ಗ' ಎಲ್ಲವೂ 'ಕ' ಆದವು ಎಂಬ ನಿಯಮವನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ಮೊಣಕಾಲಿಗೆ ಲ್ಯಾಟಿನ್ 'ಗೆನು', ಗಾಥಿಕ್ 'ಕ್ನಿಯು'. ಕೆಲ್ಟಿಕ್ ಅರಸನ ಧಾತುವಿನಲ್ಲಿದ್ದದ್ದೂ 'ಗ'ಕಾರವೇ. ಐರಿಶ್‌ನ ಷಷ್ಠಿ ರೂಪ 'ರೀಗ್'. ಜರ್ಮಾನಿಕ್‌ನಲ್ಲಿ ಅದೂ 'ಕ' ಆಗಿರುವುದರಿಂದ, ಆ ಬದಲಾವಣೆ ಮುಗಿಯುವ ಮೊದಲೇ ಪದ ಗಡಿ ದಾಟಿತ್ತು. ಜರ್ಮಾನಿಕ್ ಜನರ ಬರಹ ಇನ್ನೂ ಇಲ್ಲದ ಕಾಲದ ನೆರೆಹೊರೆಯ ಸಂಬಂಧವನ್ನು ಎರಡು ಧ್ವನಿಗಳು ದಾಖಲಿಸಿವೆ. ಅರಸೊತ್ತಿಗೆಯ ಪದವೇ ಸಾಲವಾಗಿ ಬಂದಿದೆ ಎಂದರೆ ಆಗ ಕೆಲ್ಟರ ಆಳ್ವಿಕೆಗೆ ನೆರೆಯವರ ಕಣ್ಣಲ್ಲಿ ತೂಕವಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ.

ಇಂಗ್ಲಿಷಿನ 'ರಿಚ್' ಇದೇ ಪದದ ಕವಲು. ಮೊದಲಿಗೆ ಅದರ ಅರ್ಥ ಬಲಶಾಲಿ. ಇನ್ನೊಂದು ಕವಲು ಜರ್ಮನ್ನಿನ 'ರೈಶ್', ಅಂದರೆ ಸಾಮ್ರಾಜ್ಯ. ಜನಾಂಗದ ಶುದ್ಧತೆಯ ಹೆಸರಿನಲ್ಲಿ ಲಕ್ಷಾಂತರ ಜನರನ್ನು ಕೊಂದ ನಾಜಿಗಳು ತಮ್ಮ ಆಡಳಿತವನ್ನು ಮೂರನೆಯ ರೈಶ್ ಎಂದು ಕರೆದುಕೊಂಡರು. ಅವರು ಹೆಮ್ಮೆಯಿಂದ ಮೆರೆಸಿದ ಆ ಪದವೇ ನೆರೆಯವರಿಂದ ಬಂದ ಸಾಲವಾಗಿತ್ತು.